ಬೀಗವೂ ಬೀಗದ ಕೈಯೂ

ಛಂದಸ್ಸು, ವ್ಯಾಕರಣಗಳ ಪಾಠ ಹೇಳುವವನಿಗೆ ಡೇಟಾಬೇಸಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಇದಕ್ಕೆ ಕಾರಣ ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಅಕಾಲಮರಣ. ಅವರು ಹನ್ನೊಂದು ವರ್ಷ ಹಳ್ಳಿ ಹಳ್ಳಿ ತಿರುಗಿ, ಬೀಸುವ ಕಲ್ಲಿನ ಹಾಡುಗಳನ್ನೂ ಆಡುಮಾತಿನ ಪದಗಳನ್ನೂ ಬರೆದುಕೊಂಡಿದ್ದರು. ಹಾಡಿದವರ ಹೆಸರು, ಊರು, ಹಾಡಿನ ನಡುವೆ ಅವರು ನಂಬಿ ಹೇಳಿಕೊಂಡ ಮನೆಯ ಕಷ್ಟಸುಖ, ಎಲ್ಲವೂ ಅದರಲ್ಲಿದ್ದವು. ಅದಿಷ್ಟೂ ಇಂದು ಒಂದೇ ಕಡತದಲ್ಲಿ ಭದ್ರವಾಗಿದೆ. ಎಷ್ಟು ಭದ್ರವೆಂದರೆ, ಯಾರೂ ಅದನ್ನು ಓದಲಾರರು.

ಮಿತ್ರರು ಮೊದಲು ಬಳಸಿದ್ದು ಎಸ್‌ಕ್ಯೂಲೈಟ್ ಎಂಬ ವ್ಯವಸ್ಥೆಯನ್ನು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ರಚಿಸಿದ ಇದರಲ್ಲಿ ಇಡೀ ಸಂಗ್ರಹ ಒಂದೇ ಕಡತದಲ್ಲಿ ಅಡಗುತ್ತದೆ. ನಮ್ಮ ಕೈಯಲ್ಲಿರುವ ಮೊಬೈಲುಗಳೂ ಇದನ್ನೇ ಬಳಸುತ್ತವೆ. ಆದರೆ ಇದಕ್ಕೆ ಬಾಗಿಲಿಲ್ಲ. ಕಡತ ಕೈಗೆ ಸಿಕ್ಕವರು ಒಳಗಿನ ಹೆಸರುಗಳನ್ನೆಲ್ಲ ಓದಬಹುದು. ಒಮ್ಮೆ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟು ಬಂದ ರಾತ್ರಿ ಮಿತ್ರರಿಗೆ ನಿದ್ರೆ ಬರಲಿಲ್ಲವಂತೆ. ಆಮೇಲೆ ಅವರು ಎಸ್‌ಕ್ಯೂಎಲ್‌ಸೈಫರಿನ ಮೊರೆಹೊಕ್ಕರು. ಅದು ಕಡತವನ್ನು 4096 ಬೈಟುಗಳ ಪುಟಗಳಾಗಿ ವಿಂಗಡಿಸಿ, ಒಂದೊಂದು ಪುಟವನ್ನೂ ಗೂಢಲಿಪಿಗೆ ತಿರುಗಿಸುತ್ತದೆ. ನಾವು ಕೊಟ್ಟ ಗುಪ್ತವಾಕ್ಯವನ್ನು ಅದರ ನಾಲ್ಕನೆಯ ಆವೃತ್ತಿ 2,56,000 ಸಲ ಅರೆದು ಬೀಗದ ಕೈಯನ್ನು ಸಿದ್ಧಪಡಿಸುತ್ತದೆ. ಊಹೆಯಿಂದ ಬಾಗಿಲು ತೆರೆಯಹೊರಟವನು ಪ್ರತಿ ಊಹೆಗೂ ಅಷ್ಟು ಶ್ರಮವನ್ನು ತೆರಬೇಕು.

ಈ ಸಾಧನದಲ್ಲಿ ಒತ್ತಲು ಗುಂಡಿಗಳಿಲ್ಲ, ನೋಡಲು ಚಿತ್ರಗಳಿಲ್ಲ. ಬರಿಯ ಒಂದು ಸಾಲು; ಅಲ್ಲಿ ಆಜ್ಞೆಯನ್ನು ಬೆರಳಚ್ಚಿಸಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಇದಕ್ಕೆ ಹೆದರುವುದನ್ನು ಕಂಡಿದ್ದೇನೆ. ಆದರೆ ಇದೂ ಒಂದು ಭಾಷೆಯಲ್ಲವೆ? 1970ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ರೂಪಿಸಿದ ಈ ಭಾಷೆಯಲ್ಲಿ ವಾಕ್ಯವೆಲ್ಲ ವಿಧ್ಯರ್ಥವೇ. ‘ಸೆಲೆಕ್ಟ್’ ಎಂದರೆ ಆರಿಸು, ‘ಇನ್‌ಸರ್ಟ್’ ಎಂದರೆ ಸೇರಿಸು, ‘ಡಿಲೀಟ್’ ಎಂದರೆ ಅಳಿಸು. ನಮ್ಮ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದರೆ, ಇಲ್ಲಿ ಮೊದಲಿಗೇ ಬರುತ್ತದೆ. ಕೊನೆಯಲ್ಲಿ ಅರ್ಧವಿರಾಮ ಹಾಕುವವರೆಗೂ ಯಂತ್ರ ವಿನಯವಂತ ಶಿಷ್ಯನಂತೆ ಕಾದಿರುತ್ತದೆ. ಕೇಶಿರಾಜನ ಸೂತ್ರಗಳನ್ನು ಬಿಡಿಸಬಲ್ಲವರಿಗೆ ಇದು ಕಬ್ಬಿಣದ ಕಡಲೆಯಲ್ಲ.

ಒಂದು ವಿಚಿತ್ರವುಂಟು. ‘ಪ್ರಾಗ್ಮಾ ಕೀ’ ಎಂಬ ಆಜ್ಞೆಯಿಂದ ತಪ್ಪು ಬೀಗದ ಕೈ ಕೊಟ್ಟರೂ ಯಂತ್ರ ಒಡನೆ ತಕರಾರು ಮಾಡುವುದಿಲ್ಲ. ಮುಂದೆ ಏನಾದರೊಂದನ್ನು ಕೇಳಿದಾಗ, ‘ಈ ಕಡತ ಡೇಟಾಬೇಸ್ ಅಲ್ಲ’ ಎನ್ನುತ್ತದೆ. ಅದು ಸುಳ್ಳಾಡುತ್ತಿಲ್ಲ. ಸಾಮಾನ್ಯ ಕಡತದ ಮೊದಲ ಹದಿನಾರು ಬೈಟುಗಳಲ್ಲಿ ‘ಇದು ಎಸ್‌ಕ್ಯೂಲೈಟ್’ ಎಂಬ ಗುರುತಿರುತ್ತದೆ. ಬೀಗ ಹಾಕಿದ ಕಡತದಲ್ಲಿ ಅಲ್ಲಿಯೂ ಅರ್ಥವಿಲ್ಲದ ಅಂಕಿಗಳೇ ಇರುತ್ತವೆ. ಸರಿಯಾದ ಕೈ ಇಲ್ಲದವನಿಗೆ ಹನ್ನೊಂದು ವರ್ಷದ ದುಡಿಮೆಗೂ ಕಸಕ್ಕೂ ಭೇದ ತಿಳಿಯದು.

ಮಿತ್ರರ ಮನೆಯ ಪಡಸಾಲೆಯಲ್ಲಿ ಕುಳಿತು ಆ ಉತ್ತರವನ್ನು ನಾನು ಎಷ್ಟು ಸಲ ಓದಿದೆನೋ! ಅವರು ಮೆಚ್ಚಿದ ಕವಿಗಳ ಹೆಸರು, ಹುಟ್ಟಿದ ಊರು, ಮಗಳ ಜನ್ಮದಿನ, ಒಂದೂ ಫಲಿಸಲಿಲ್ಲ. “ಎಲ್ಲಾದರೂ ಬರೆದಿಟ್ಟಿರುತ್ತಾರೆ, ನೋಡಿ ಮೇಷ್ಟ್ರೇ” ಎಂದರು ಅವರ ಪತ್ನಿ. ಬರೆದಿಟ್ಟಿರಲಿಲ್ಲ. ‘ಸಿರಿಭೂವಲಯ’ದ ನೆನಪಾಯಿತು. ಒಂದರಿಂದ ಅರವತ್ತನಾಲ್ಕರವರೆಗಿನ ಅಂಕಿಗಳಲ್ಲೇ ಬರೆದ ಆ ಕೃತಿಯನ್ನು ಓದುವ ದಾರಿಗಳನ್ನು ವಿದ್ವಾಂಸರು ಶ್ರಮಿಸಿ ಹುಡುಕಿದರು. ಇಲ್ಲಿ ಹುಡುಕಾಟಕ್ಕೂ ಎಡೆಯಿಲ್ಲ. ಹಾಡಿದ ಮುದುಕಿಯರಲ್ಲಿ ಕೆಲವರು ಈಗಿಲ್ಲ. ಮರಳಿ ಹೋಗಿ ಬರೆದುಕೊಂಡು ಬರುವಂತೆಯೂ ಇಲ್ಲ.

ಹಾಗಾದರೆ ಬೀಗ ಹಾಕಿದ್ದೇ ತಪ್ಪೆ? ಜನರ ಸೊತ್ತಿಗೆ ಬೀಗವೇಕೆ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಹಾಡು ಜನರ ಸೊತ್ತು, ನಿಜ. ಆದರೆ ಹಾಡಿದಾಕೆಯ ಕಣ್ಣೀರು ಆಕೆಯದು. ಅದನ್ನು ನಂಬಿ ಹೇಳಿದ ಮೇಲೆ ಕಾಪಾಡುವುದು ಸಂಗ್ರಾಹಕನ ಧರ್ಮ. ಮಿತ್ರರು ತಪ್ಪಿದ್ದು ಬೀಗ ಹಾಕಿದ್ದರಲ್ಲಲ್ಲ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಕೈಯನ್ನು ತಮ್ಮ ನೆನಪಿಗೆ ಮಾತ್ರ ಒಪ್ಪಿಸಿದ್ದರಲ್ಲಿ.

ಆದುದರಿಂದ ನನ್ನ ಸಂಗ್ರಹಕ್ಕೆ ಮೂರು ಕಟ್ಟಳೆಗಳನ್ನು ವಿಧಿಸಿಕೊಂಡಿದ್ದೇನೆ. ‘ಅಟ್ಯಾಚ್’ ಎಂಬ ಆಜ್ಞೆಯಿಂದ, ಗುಪ್ತವಾಕ್ಯವನ್ನು ಬರಿದಾಗಿ ಬಿಟ್ಟು, ಬೀಗವಿಲ್ಲದ ಇನ್ನೊಂದು ಕಡತವನ್ನು ಜೊತೆಗೆ ಜೋಡಿಸಬಹುದು. ಹಾಡು, ಪದ, ಅರ್ಥಗಳನ್ನಷ್ಟೇ ಆರಿಸಿ ಅದಕ್ಕೆ ನಕಲು ಮಾಡಿ ಕಾಲೇಜಿನ ಗ್ರಂಥಾಲಯಕ್ಕೆ ಕೊಡುವುದು ಮೊದಲನೆಯದು. ಮುಚ್ಚಿದ ಕಡತದ ಗುಪ್ತವಾಕ್ಯವನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುದ್ರೆಹಾಕಿ, ನಂಬಿಕಸ್ತರಾದ ಇಬ್ಬರ ಬಳಿ ಇಡುವುದು ಎರಡನೆಯದು. ವರ್ಷಕ್ಕೊಮ್ಮೆ ಅವರಲ್ಲೊಬ್ಬರ ಕೈಯಿಂದಲೇ ಕಡತವನ್ನು ತೆರೆಸಿ ನೋಡುವುದು ಮೂರನೆಯದು. ‘ರೀಕೀ’ ಆಜ್ಞೆಯಿಂದ ಗುಪ್ತವಾಕ್ಯವನ್ನು ಬದಲಿಸಿದರೆ ಅಂದೇ ಹೊಸ ಲಕೋಟೆ ಹೋಗಬೇಕು.

ಕಳೆದ ವಾರ ನನ್ನ ಲಕೋಟೆಗಳೆರಡೂ ಸೇರಬೇಕಾದವರನ್ನು ಸೇರಿದವು. ಅವುಗಳಲ್ಲೊಂದನ್ನು ಸ್ವೀಕರಿಸಿದವರು ಮಿತ್ರರ ಪತ್ನಿ. ಅವರ ಮನೆಯ ಕಡತವನ್ನು ನಾವಿನ್ನೂ ಅಳಿಸಿಲ್ಲ. ಹಳೆಯ ಡೈರಿಗಳನ್ನು ಒಂದೊಂದಾಗಿ ತಿರುವಿಹಾಕುತ್ತಿದ್ದೇವೆ. ವಾಚಕರಲ್ಲಿ ಯಾರಾದರೂ ಇಂಥದೊಂದು ಕಡತವನ್ನು ಇಟ್ಟುಕೊಂಡಿದ್ದರೆ, ಈ ಪತ್ರಿಕೆಯನ್ನು ಮಡಿಸಿಟ್ಟ ಕೂಡಲೆ ಒಂದು ಹಾಳೆ ಕಾಗದವನ್ನೂ ಲೇಖನಿಯನ್ನೂ ಕೈಗೆತ್ತಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ.