ಮಡಿಚುವ ಮನೆಗೆ ಮಡಿಯೇಕೆ?

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಿದ್ದಾಗ, ಬಸವನಗುಡಿಯ ನಮ್ಮ ಸೋದರಮಾವನವರ ಮನೆಯಲ್ಲಿ, ಊಟ ಮುಗಿದು ಎಲೆಯಡಿಕೆಯ ತಟ್ಟೆ ಮುಂದೆ ಬಂದ ಹೊತ್ತಿಗೆ ನನ್ನ ಮೇಲೊಂದು ಆಪಾದನೆಯೂ ಬಂದಿತು.

"ಏನೋ, ಇಂಗ್ಲೆಂಡಿನಲ್ಲಿದ್ದುಕೊಂಡು ಯಾರೋ ಮಲಗಿ ಎದ್ದ ಗುಡಾರ ತಗೊಂಡಿದೀಯಂತೆ? ಹೆಂಡತಿ ಮಕ್ಕಳನ್ನೂ ಅದರಲ್ಲೇ ಮಲಗಿಸ್ತೀಯಂತೆ?"

ಸುತ್ತ ಕುಳಿತವರೆಲ್ಲ ನಕ್ಕರು. ಅತ್ತೆಯವರು ಮಾತ್ರ ನಗದೆ, "ಪಾಪ, ಅಲ್ಲಿ ಹೋಟೆಲು ತುಂಬಾ ದುಬಾರಿಯೇನೋ" ಎಂದರು. ನಗೆಗಿಂತ ಆ ಕನಿಕರವೇ ಹೆಚ್ಚು ಚುಚ್ಚಿತು. ಹಿರಿಯರಿಗೆ ಎದುರು ಮಾತನಾಡುವುದು ನಮ್ಮ ಮನೆಯ ಪದ್ಧತಿಯಲ್ಲವಾದುದರಿಂದ ಅಂದು ಸುಮ್ಮನಿದ್ದೆ. ಈಗ ಪತ್ರಿಕೆಯ ಮರೆಯಲ್ಲಿ ನಿಂತು ಉತ್ತರ ಹೇಳುತ್ತಿದ್ದೇನೆ. ಮಾವನವರು ಭಾನುವಾರದ ಪುರವಣಿಯನ್ನು ತಪ್ಪದೆ ಓದುವವರು.

ಆಪಾದನೆಗೆ ಒಳಗಾದ ವಸ್ತುವನ್ನು ಮೊದಲು ಪರಿಚಯಿಸಬೇಕು. ಇಲ್ಲಿಯವರು ಅದನ್ನು ಫೋಲ್ಡಿಂಗ್ ಕ್ಯಾಂಪರ್ ಎನ್ನುತ್ತಾರೆ. ನಾನು ಡೇರೆಗಾಡಿ ಎಂದು ಕರೆದುಕೊಂಡಿದ್ದೇನೆ. ಮಡಿಚಿದಾಗ ಅದು ಸೊಂಟದೆತ್ತರದ, ಎರಡು ಗಾಲಿಯ ಪೆಟ್ಟಿಗೆ. ಕಾರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆದೊಯ್ಯಬಹುದು. ತಂಗುವ ಸ್ಥಳ ಸೇರಿ ಬಿಚ್ಚಿದರೆ ಎರಡು ಮಗ್ಗುಲಿಗೂ ಮಂಚಗಳು ರೆಕ್ಕೆಯಂತೆ ಚಾಚಿಕೊಳ್ಳುತ್ತವೆ. ಕಮಾನುಗಳ ಮೇಲೆ ಕ್ಯಾನ್‌ವಾಸಿನ ಮಾಡು ಏಳುತ್ತದೆ. ಒಳಗೆ ಒಲೆ, ತೊಟ್ಟಿ, ಮೇಜು ತಲೆಯೆತ್ತುತ್ತವೆ. ಕಾಲ ಕೆಳಗೆ ಹುಲ್ಲಲ್ಲ, ಹಲಗೆಯ ನೆಲ. ಗಂಡಹೆಂಡಿರು ಜಗಳವಾಡದಿದ್ದರೆ ಅರ್ಧ ಗಂಟೆಯ ಕೆಲಸ. ಕಾನ್ವೇ, ಪೆನ್ನೈನ್ ಎಂಬ ಹೆಸರಿನ ಇಂಥ ಗಾಡಿಗಳು ಈ ದೇಶದ ಎಷ್ಟೋ ಸಾಧಾರಣ ಸಂಸಾರಗಳಿಗೆ ಬೇಸಗೆಯ ರಜೆಯನ್ನು ಒದಗಿಸಿಕೊಟ್ಟಿವೆ. ನನ್ನದು ಇಪ್ಪತ್ತು ವರ್ಷ ಹಳೆಯದು. ಕೊಟ್ಟ ಬೆಲೆ 1,400 ಪೌಂಡು. ಗೋಡೆ ಮಾಡುಗಳೆಲ್ಲ ಗಟ್ಟಿಯಾದ ಹೊಸ ಕ್ಯಾರವಾನಿಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತೆರಬೇಕು.

ಇನ್ನು ಮಾವನವರ ವಾದ. "ಯಾರೋ ಮಲಗಿ ಎದ್ದ" ಎಂಬ ಮಾತಿನಲ್ಲಿಯೇ ಅದರ ಬೇರಿದೆ. ಇದು ಮಡಿಯಲ್ಲದೆ ಮತ್ತೇನು? ಒದ್ದೆ ಪಂಚೆಯ ಮಡಿಯನ್ನು ನಾವು ಬಿಟ್ಟು ಎರಡು ತಲೆಮಾರು ಕಳೆದಿರಬಹುದು. ಅದು ಮನೆ ಬಿಟ್ಟು ಹೋಗಿಲ್ಲ, ವೇಷ ಮರೆಸಿಕೊಂಡು ಪೇಟೆ ಸೇರಿದೆ. ಮೊಹರು ಒಡೆಯದ ಡಬ್ಬ, ಪ್ಲಾಸ್ಟಿಕ್ ಹೊದಿಕೆ ಕೀಳದ ಕಾರಿನ ಸೀಟು, ಇವೇ ಇಂದಿನ ಮಡಿ ಬಟ್ಟೆ. ಹಾಗಾದರೆ ಕೇಳುತ್ತೇನೆ: ಹೋಟೆಲಿನ ಹಾಸಿಗೆಯ ಮೇಲೆ ನಿಮಗಿಂತ ಮುಂಚೆ ಯಾರೂ ಮಲಗಿರಲಿಲ್ಲವೆ? ರೈಲಿನ ಬರ್ತು ನಿಮಗಾಗಿಯೇ ಹುಟ್ಟಿತೆ? ಒಂದು ರಾತ್ರಿಗೆ ಎಂಟು ಸಾವಿರ ರೂಪಾಯಿ ತೆತ್ತ ಕೂಡಲೇ ಮೈಲಿಗೆ ತೊಳೆದುಹೋಗುತ್ತದೆ. 1,400 ಪೌಂಡಿಗೆ ಕೊಂಡು, ನಾನೇ ಸೋಪು ಹಾಕಿ ಉಜ್ಜಿ, ಹೊಸ ಹಾಸಿಗೆ ಹೊಲಿಸಿದರೆ ತೊಳೆದುಹೋಗುವುದಿಲ್ಲ. ಎಂದಮೇಲೆ ಇದು ಶುಚಿಯ ಪ್ರಶ್ನೆಯಲ್ಲ, ಹಣದ ಪ್ರಶ್ನೆ.

ಇನ್ನೊಂದನ್ನೂ ನೋಡಿ. ಇದೇ ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿಸುವವರು ಚೆಟ್ಟಿನಾಡಿನ ಹಳೆಯ ಮನೆಗಳ ಕಂಬಗಳನ್ನೂ ಬಾಗಿಲುಗಳನ್ನೂ ಹುಡುಕಿ ತಂದು ನಿಲ್ಲಿಸುತ್ತಾರೆ. ಆ ಬಾಗಿಲಿನಿಂದ ಎಷ್ಟು ಹೆಣ ಹೊರಗೆ ಹೋಗಿದೆಯೋ ಯಾರೂ ಕೇಳುವುದಿಲ್ಲ. ಹೆಚ್ಚು ಬೆಲೆಗೆ ಕೊಂಡ ಹಳೆಯದು ಪರಂಪರೆ, ಕಡಿಮೆ ಬೆಲೆಗೆ ಕೊಂಡದ್ದು ಗುಜರಿ!

ಆದರೆ ಮೋಸ ಹೋಗಲಿಲ್ಲವೇ ಎಂದು ಕೇಳುವಿರಿ. ಹೋದೆ. ಅದನ್ನು ಮುಚ್ಚಿಡುವುದಿಲ್ಲ; ಮಾವನವರ ಪಕ್ಷದವರಿಗೆ ಬೇರೆ ಯಾರಾದರೂ ಹೇಳಿಯೇ ಹೇಳುತ್ತಾರೆ.

ಗಾಡಿ ನೋಡಲು ಹೋದ ದಿನ ಮಳೆ. ಮಾರುವ ಮನುಷ್ಯ ಬಹಳ ಸಭ್ಯ. ಚಹ ಕೊಟ್ಟ. "ಈ ಮಳೆಯಲ್ಲಿ ಬಿಚ್ಚಿದರೆ ಒದ್ದೆಯಲ್ಲಿಯೇ ಮಡಿಚಬೇಕಾಗುತ್ತದೆ, ಒದ್ದೆ ಮಡಿಚಿದರೆ ಬೂಷ್ಟು ಹಿಡಿಯುತ್ತದೆ, ನಿಮಗೇ ನಷ್ಟ" ಎಂದ. ಎಂಥ ನ್ಯಾಯವಾದ ಮಾತು! ನಾನು ತೀರ್ಥಹಳ್ಳಿಯ ಕಡೆಯವನು, ಆಷಾಢದ ಬೂಷ್ಟು ಬಲ್ಲವನು, ತಲೆದೂಗಿದೆ. ಮುಚ್ಚಿದ ಪೆಟ್ಟಿಗೆಗೆ ಹಣ ಎಣಿಸಿ ಎಳೆದುಕೊಂಡು ಬಂದೆ. ಮಾರನೆಯ ಭಾನುವಾರ ಮ್ಯಾಂಚೆಸ್ಟರಿನ ನಮ್ಮ ಮನೆಯ ಮುಂದೆ ಬಿಚ್ಚಿದಾಗ ಮೊದಲು ಹೊರಬಂದುದು ಮುಗ್ಗಲು ವಾಸನೆ. ಆಮೇಲೆ ಕಂಡುದು ಅಂಗೈಯಗಲದ ಕಪ್ಪು ಮಚ್ಚೆಗಳು. ಎಡಗಡೆಯ ಮಂಚದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಹಲಸಿನ ಹಣ್ಣನ್ನು ಒತ್ತಿದಂತೆ ಒಳಗೆ ಹೋಯಿತು. ನನ್ನಾಕೆ ಏನೂ ಹೇಳಲಿಲ್ಲ. ಅದೇ ಹೆಚ್ಚು ಹೇಳಿದಂತಾಯಿತು.

ಅಂಗಡಿಯಿಂದ ಕೊಂಡಿದ್ದರೆ ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆ ಬೆನ್ನಿಗಿರುತ್ತದೆ. ಮನೆಯವನಿಂದ ಕೊಂಡರೆ, ಅವನು ಸುಳ್ಳು ವಿವರಣೆ ಕೊಟ್ಟನೆಂದು ನೀವು ತೋರಿಸದ ಹೊರತು, ಕೊಂಡವನ ಪಾಡು ಕೊಂಡವನಿಗೆ. ಅವನು ಹೇಳಿದ್ದೋ, ಒಂದೊಂದೂ ಸತ್ಯ! ಒದ್ದೆ ಮಡಿಚಿದರೆ ಬೂಷ್ಟು ಹಿಡಿಯುತ್ತದೆಂಬುದು ಅವನ ಸ್ವಾನುಭವವಾಗಿತ್ತು, ಅಷ್ಟೆ.

ಹೊಸ ಹಲಗೆ, ಕ್ಯಾನ್‌ವಾಸಿನ ತೇಪೆ, ಎರಡು ಟೈರು, ಗ್ಯಾಸಿನ ಕೊಳವೆ, ಎಲ್ಲ ಸೇರಿ 380 ಪೌಂಡಾಯಿತು. ಈ ತಪ್ಪು ಗಾಡಿಯ ಹಳತನದ್ದಲ್ಲ, ಬಿಚ್ಚಿಸಿ ನೋಡದ ನನ್ನ ದಾಕ್ಷಿಣ್ಯದ್ದು. ಹೆಣ್ಣಿನ ಮನೆಗೆ ಹೋದವರಂತೆ ಚಹ ಕುಡಿದು ಹೊಗಳಿ ಬರುವುದು ನಮ್ಮವರ ದೊಡ್ಡ ದೋಷ. ಈ ದೇಶಗಳಲ್ಲಿ ಇಂಥ ಗಾಡಿ ಕೊಳ್ಳಲಿರುವ ನಿಮ್ಮ ಮಕ್ಕಳಿಗೆ ಫೋನಿನಲ್ಲಿ ಹೇಳಿ: ಮಳೆಯಿದ್ದರೆ ಇನ್ನೊಂದು ದಿನ ಹೋಗಲಿ, ಪೂರ್ತಿ ಬಿಚ್ಚಿಸಲಿ, ಮಾರುವವನ ಕೈಯಿಂದಲೇ ಮತ್ತೆ ಮಡಿಚಿಸಲಿ. ಟೈರಿನ ಅಚ್ಚು ಆಳವಾಗಿದೆಯೆಂದು ಮರುಳಾಗಬಾರದು. ಈ ಗಾಡಿಗಳು ವರ್ಷದಲ್ಲಿ ಹದಿನೈದು ದಿನ ಓಡಿ ಉಳಿದ ದಿನ ನಿಂತೇ ಇರುವುದರಿಂದ ಟೈರು ಸವೆಯುವುದಿಲ್ಲ, ಮುದಿಯಾಗುತ್ತದೆ. ಅದರ ಮಗ್ಗುಲಲ್ಲಿ ಒತ್ತಿದ ನಾಲ್ಕು ಅಂಕಿಗಳೇ ಅದರ ಜಾತಕ: 2309 ಎಂದಿದ್ದರೆ 2009ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದೆಂದು ಅರ್ಥ. ಸ್ಟೆಪ್ನಿ ಇದೆಯೇ ಎಂದೂ ಕೇಳಲಿ. (ಸ್ಟೆಪ್ನಿ ಎಂಬ ಈ ಮಾತು ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಹೊರಟು ನಮ್ಮ ಲಾರಿ ಚಾಲಕರ ಬಾಯಿಗೆ ಬಂದು ಸೇರಿದ್ದು. ನನ್ನ ನೆರೆಯ ಇಂಗ್ಲಿಷ್ ಹುಡುಗನಿಗೆ ಅದು ತಿಳಿಯದು!) ಮಾರುವವನ ಹತ್ತಿರ ಹಳೆಯ ರಸೀದಿಯೇನಾದರೂ ಇದ್ದರೆ ಇಸಿದುಕೊಳ್ಳಲಿ. ಗಾಡಿಗೆ ತನ್ನದೇ ನಂಬರಿಲ್ಲ, ಎಳೆಯುವ ಕಾರಿನ ನಂಬರನ್ನೇ ಅದರ ಬೆನ್ನಿಗೂ ಹಚ್ಚುವುದು. ಕದ್ದ ಮಾಲೋ ಅಲ್ಲವೋ ಹೇಳುವುದು ಕಷ್ಟ.

ತೊಂದರೆಗಳಿಲ್ಲವೆಂದಲ್ಲ. ಬಿರುಗಾಳಿಯ ರಾತ್ರಿ ನಿದ್ದೆಯಿಲ್ಲ. ಹಿಂದಿನವನು ಬಿಟ್ಟುಹೋದ ನೀಲಿ ಸಿಲಿಂಡರಿನಲ್ಲಿದ್ದುದು ಬ್ಯೂಟೇನ್. ಅದು ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲೊಲ್ಲದು. ಈಸ್ಟರಿನ ಒಂದು ಮುಂಜಾನೆ ಕಾಫಿಗೆ ನೀರು ಕಾಯದೆ ಈ ರಸಾಯನಶಾಸ್ತ್ರವನ್ನು ಕಲಿತೆ. ಈಗ ಪ್ರೊಪೇನ್ ತುಂಬಿದ ಕೆಂಪು ಸಿಲಿಂಡರು ತಂದಿದ್ದೇನೆ.

ಮಳೆಯ ಮಾತು ಬೇರೆ. ಲೇಕ್ ಡಿಸ್ಟ್ರಿಕ್ಟಿನಲ್ಲಿ ಸೀತ್‌ವೇಟ್ ಎಂಬ ಹಳ್ಳಿಯಿದೆ. ಇಂಗ್ಲೆಂಡಿನಲ್ಲಿ ಜನ ವಾಸಿಸುವ ಊರುಗಳೊಳಗೆ ಅತಿ ಹೆಚ್ಚು ಮಳೆ ಅಲ್ಲಿಗೇ, ವರ್ಷಕ್ಕೆ ಸುಮಾರು 3,500 ಮಿಲಿಮೀಟರು. ಆಗುಂಬೆಯ ಅರ್ಧದಷ್ಟು. ಅದರ ಹತ್ತಿರ ಮೂರು ದಿನ ತಂಗಿದೆವು. ಹತ್ತಿಯ ಕ್ಯಾನ್‌ವಾಸಿನ ಗುಣವೇ ವಿಶೇಷವಾದುದು: ಮೊದಲ ಹನಿಗಳನ್ನು ನೂಲು ಕುಡಿದು ಉಬ್ಬಿಕೊಂಡು ಹೊಲಿಗೆಯ ಸೂಜಿತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಗದ್ದೆಗೆ ಹೋಗುವವರು ತಲೆಗೆ ಹೊದ್ದ ಕಂಬಳಿಕೊಪ್ಪೆ ನೆನಪಾಯಿತು. ಮಕ್ಕಳಿಗೆ ಆ ಕಂಬಳಿಯ ಕಥೆ ಹೇಳಲು ಹೋಟೆಲಿನ ಕೋಣೆಯಲ್ಲಿ ನನಗೆ ಎಂದೂ ಬಾಯಿ ಬಂದಿರಲಿಲ್ಲ; ಅಲ್ಲಿ ಮಳೆ ಕೇಳಿಸುವುದೇ ಇಲ್ಲ.

ಮಾವನವರ ಎರಡನೆಯ ಮಾತಿಗೆ ಉತ್ತರಿಸುವುದು ಇಷ್ಟು ಸುಲಭವಲ್ಲ. ನಗು ಅಡಗಿದ ಮೇಲೆ ಅವರು ಮೆಲ್ಲಗೆ ಹೇಳಿದರು: "ಕಾಳಿ ಯೋಜನೆಗೆ ಸೂಪಾ ಕಾಡಿನಲ್ಲಿ ಎರಡು ವರ್ಷ ಡೇರೆಯಲ್ಲಿದ್ದೆನಪ್ಪಾ. ಜಿಗಣೆ, ಜ್ವರ. ನೀವುಗಳು ಹಾಗಿರಬಾರದು ಅಂತಲೇ ಅಷ್ಟು ದುಡಿದದ್ದು."

ಇದು ಮಡಿಯ ಮಾತಲ್ಲ, ನೋವಿನ ಮಾತು. 1970ರ ದಶಕದ ಆ ಡೇರೆಯಲ್ಲಿ ಅವರಿಗಿಂತ ಮುಂಚೆ ಎಷ್ಟು ಜನ ಸರ್ಕಾರಿ ನೌಕರರು ಮಲಗಿದ್ದರೋ ಎಂದು ಕೊಂಕು ಆಡಬಹುದು, ಆಡುವುದಿಲ್ಲ. ಆದರೆ ಇಷ್ಟು ಹೇಳುತ್ತೇನೆ. ನಮ್ಮ ಮನೆಯಿಂದ ಗಂಟೆಯ ಹಾದಿಯಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟವಿದೆ. ಸಿರಿವಂತರು ಅದನ್ನು ತಮ್ಮ ಹಕ್ಕಿಬೇಟೆಗೆಂದು ಕಾವಲಿಟ್ಟು ಕಾಯ್ದುಕೊಂಡಿದ್ದರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಕೆಲಸಗಾರರು, ಹೆಚ್ಚಿನವರು ಎಳೆಯರು, ಗುಂಪಾಗಿ ಅದನ್ನು ಹತ್ತಿದರು. ಐವರಿಗೆ ಸೆರೆಮನೆಯಾಯಿತು. 1951ರಲ್ಲಿ ಆ ಸೀಮೆ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ವಾರವೆಲ್ಲ ಯಂತ್ರದ ಮುಂದೆ ನಿಂತವರು ಬೆಟ್ಟಕ್ಕೆ ಹೋದದ್ದು ಬಡತನಕ್ಕೆ ಮರಳಲಿಕ್ಕಲ್ಲ. ನೀವು ಡೇರೆಯಲ್ಲಿದ್ದುದು ಅಪ್ಪಣೆಯಾದುದರಿಂದ, ಮಾವ; ನಾನಿರುವುದು ಇಷ್ಟವಾದುದರಿಂದ. ಇಷ್ಟಪಡುವ ಈ ಸ್ವಾತಂತ್ರ್ಯವನ್ನು ನೀವೇ ದುಡಿದು ಕೊಟ್ಟಿರಿ. ಅದನ್ನು ನಾನು ಹೊಸ ಕ್ಯಾರವಾನಿನ ಸಾಲಕ್ಕೆ ಒತ್ತೆಯಿಡಬೇಕೆ?

ಈ ಹೊತ್ತು ಅಂಗಳದಲ್ಲಿ ಡೇರೆಗಾಡಿ ಬಿಚ್ಚಿಕೊಂಡಿದೆ. ನಿನ್ನೆ ಮಳೆಯಲ್ಲಿ ಮಡಿಚಿ ತಂದದ್ದು. ಬಿಸಿಲು ಬಂದೀತೆಂದು ಬೆಳಗಿನಿಂದ ಕಾಯುತ್ತಿದ್ದೇನೆ, ಬಂದಿಲ್ಲ. ಮಾವ, ಸೂಪಾದಲ್ಲಿ ವಾರಗಟ್ಟಲೆ ಮಳೆ ಹಿಡಿದಾಗ ಆ ಡೇರೆಯನ್ನು ಹೇಗೆ ಒಣಗಿಸುತ್ತಿದ್ದಿರಿ? ದಯವಿಟ್ಟು ಬರೆಯಿರಿ. ಅದು ಕಲಾಸಿಗಳ ಕೆಲಸವಾಗಿತ್ತು ಎಂದು ಮಾತ್ರ ಹೇಳಬೇಡಿ.