ಟೋಟಲ್ ಎಷ್ಟು ಅಂತ ಆಮೇಲೆ ಕೇಳಿ, ಮೊದಲು ಬೇಸಿಕ್ ಎಷ್ಟು ಅಂತ ಕೇಳಿ



ಸೂಕ್ ವಾಕಿಫ್‌ನಲ್ಲಿ ಊರಿಗೆ ಒಯ್ಯಲು ಖರ್ಜೂರ ಕೊಳ್ಳುವಾಗ ನಾವೆಲ್ಲ ಎಷ್ಟು ಹುಷಾರು ನೋಡಿ. ಕಿಲೋಗೆ ಎಷ್ಟು ಅಂತ ಕೇಳ್ತೇವೆ. ಡಬ್ಬಿ ಸೇರಿಸಿ ತೂಕವೋ, ಬಿಟ್ಟು ತೂಕವೋ ಅಂತ ಕೇಳ್ತೇವೆ. ಒಂದನ್ನು ಬಾಯಿಗೆ ಹಾಕಿಯೂ ನೋಡ್ತೇವೆ. ಅದೇ ನಾವು ನಾಲ್ಕೈದು ವರ್ಷದ ದುಡಿಮೆಗೆ ಸಹಿ ಹಾಕುವಾಗ ಮಾತ್ರ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ: "ಟೋಟಲ್ ಎಷ್ಟು?"

ಈ ತಿಂಗಳು ಇದರದ್ದೇ ಲೆಕ್ಕ ಹಾಕೋಣ. ಕೆಲಸ ಹುಡುಕುವವರಿಗೂ ಬೇಕಾದ ಲೆಕ್ಕ ಇದು, ಕೆಲಸ ಕೊಡುವ ಜಾಗದಲ್ಲಿ ಕೂತಿರುವ ನಮ್ಮವರಿಗೂ ಬೇಕಾದ ಲೆಕ್ಕ.

ಸೂಕ್‌ನ ಒಂದು ರೆಸ್ಟೋರೆಂಟಿನಲ್ಲಿ ವೇಟರ್ ಆಗಿರುವ ಕುಂದಾಪುರ ಕಡೆಯ ಹುಡುಗನೊಬ್ಬ ಎರಡು ಆಫರ್ ಲೆಟರ್ ತಂದು ತೋರಿಸಿದ. "ಅಣ್ಣ, ಮೊದಲನೇದಕ್ಕೇ ಹೋಗ್ತೇನೆ, ನೂರು ರಿಯಾಲ್ ಜಾಸ್ತಿ ಉಂಟಲ್ಲ" ಅಂದ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಮೊದಲನೇ ಆಫರ್: ಟೋಟಲ್ 2,800 ರಿಯಾಲ್. ಅದರಲ್ಲಿ ಬೇಸಿಕ್ 1,200, ಉಳಿದ 1,600 ಊಟ, ಸಾರಿಗೆ, ಇತರೆ ಭತ್ಯೆ.

ಎರಡನೇ ಆಫರ್: ಟೋಟಲ್ 2,700 ರಿಯಾಲ್. ಅದರಲ್ಲಿ ಬೇಸಿಕ್ 1,920, ಉಳಿದ 780 ಭತ್ಯೆ.

ರೂಮು ಎರಡೂ ಕಡೆ ಕಂಪನಿಯದೇ. ಮೇಲ್ನೋಟಕ್ಕೆ ಹುಡುಗ ಹೇಳಿದ್ದು ಸರಿ. ತಿಂಗಳಿಗೆ 100 ಅಂದರೆ ಐದು ವರ್ಷಕ್ಕೆ 6,000 ರಿಯಾಲ್ ಮೊದಲನೆಯದರಲ್ಲೇ ಹೆಚ್ಚು.

ಈಗ ಒಳಗಿನ ಲೆಕ್ಕ ನೋಡಿ. ಕತಾರಿನ 2004ರ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ, ಓವರ್‌ಟೈಮ್, ರಜೆ ಸಂಬಳ ಎಲ್ಲವೂ ನಿಂತಿರುವುದು ಬೇಸಿಕ್ ಮೇಲೆ. ಟೋಟಲ್ ಮೇಲೆ ಅಲ್ಲ.

ಗ್ರಾಚ್ಯುಟಿ: ಒಂದು ವರ್ಷ ಪೂರೈಸಿದವರಿಗೆ, ಪ್ರತಿ ವರ್ಷದ ಸೇವೆಗೆ ಕನಿಷ್ಠ ಮೂರು ವಾರದ ಬೇಸಿಕ್. ತಿಂಗಳಿಗೆ 30 ದಿನ ಹಿಡಿದರೆ 21 ದಿನದ ಹಣ. 1,200 ಬೇಸಿಕ್ ಇದ್ದರೆ ವರ್ಷಕ್ಕೆ 840, ಐದು ವರ್ಷಕ್ಕೆ 4,200. 1,920 ಇದ್ದರೆ ವರ್ಷಕ್ಕೆ 1,344, ಐದು ವರ್ಷಕ್ಕೆ 6,720. ಇಲ್ಲೇ 2,520 ರಿಯಾಲ್ ವ್ಯತ್ಯಾಸ ಬಂತು. ಲೆಕ್ಕ ಹಾಕುವುದು ಕೊನೆಯ ಬೇಸಿಕ್ ಮೇಲೆ ಅನ್ನುವುದೂ ನೆನಪಿರಲಿ. ಹಾಗಾಗಿ ಇನ್‌ಕ್ರಿಮೆಂಟ್ ಸಿಕ್ಕಾಗಲೂ "ಇದನ್ನು ಬೇಸಿಕ್‌ಗೆ ಸೇರಿಸ್ತೀರಾ, ಭತ್ಯೆಗಾ?" ಅಂತ ಕೇಳಬೇಕು.

ಓವರ್‌ಟೈಮ್: ವಾರಕ್ಕೆ 48 ಗಂಟೆ, ದಿನಕ್ಕೆ 8 ಗಂಟೆ ಮೀರಿದರೆ, ಗಂಟೆಯ ಬೇಸಿಕ್ ಜೊತೆಗೆ ಕನಿಷ್ಠ ಶೇಕಡಾ 25 ಹೆಚ್ಚು ಕೊಡಬೇಕು. 1,200 ಬೇಸಿಕ್‌ನವನಿಗೆ ಗಂಟೆಗೆ 5 ರಿಯಾಲ್, ಓವರ್‌ಟೈಮ್ ಆದರೆ 6.25. 1,920 ಬೇಸಿಕ್‌ನವನಿಗೆ ಗಂಟೆಗೆ 8, ಓವರ್‌ಟೈಮ್ ಆದರೆ 10. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 26 ದಿನ ಮಾಡಿದರೆ ಒಬ್ಬನಿಗೆ 325, ಇನ್ನೊಬ್ಬನಿಗೆ 520. ಅದೇ ಕೆಲಸ, ಅದೇ ಕಾಲುನೋವು, ತಿಂಗಳಿಗೆ 195 ರಿಯಾಲ್ ಬೇರೆ.

ಸೂಕ್‌ನಲ್ಲಿ ಚಳಿಗಾಲ ಅಂದರೆ ಜಾತ್ರೆ, ಎಲ್ಲರಿಗೂ ಗೊತ್ತು. ವರ್ಷದಲ್ಲಿ ಆರು ತಿಂಗಳು ಮಾತ್ರ ಓವರ್‌ಟೈಮ್ ಸಿಗುತ್ತೆ ಅಂದುಕೊಳ್ಳಿ. ವರ್ಷಕ್ಕೆ 1,170, ಐದು ವರ್ಷಕ್ಕೆ 5,850. ಗ್ರಾಚ್ಯುಟಿಯ 2,520 ಸೇರಿಸಿ: 8,370. ಮೊದಲನೇ ಆಫರಿನ 6,000 ಕಳೆದರೂ, "ಕಡಿಮೆ ಸಂಬಳದ" ಎರಡನೇ ಆಫರ್ 2,370 ರಿಯಾಲ್ ಮುಂದಿದೆ. ರಜೆ ಸಂಬಳ ನಾನು ಸೇರಿಸಿಯೇ ಇಲ್ಲ.

ಹಾಗಂತ ಬೇಸಿಕ್ ಹೆಚ್ಚಿದ್ದರೆ ಯಾವಾಗಲೂ ಲಾಭ ಅಂತ ಅಲ್ಲ. ಓವರ್‌ಟೈಮ್ ಇಲ್ಲವೇ ಇಲ್ಲ ಅನ್ನುವ ಕಡೆ ಇದೇ ಲೆಕ್ಕದಲ್ಲಿ ಮೊದಲನೇ ಆಫರ್ 3,480 ರಿಯಾಲ್ ಮುಂದೆ ಹೋಗುತ್ತದೆ. ಒಂದೆರಡು ವರ್ಷ ದುಡಿದು ಊರಿಗೆ ಹೋಗುವವನಿಗೆ ಕೈಗೆ ಬರುವ ಟೋಟಲ್ ಮುಖ್ಯ ಆಗಬಹುದು. ಆಯ್ಕೆ ನಿಮ್ಮದು. ಆದರೆ ಕಣ್ಣು ಮುಚ್ಚಿ ಆರಿಸಬೇಡಿ ಅಷ್ಟೇ.

ಇಂಟರ್‌ವ್ಯೂನಲ್ಲಿ "ನಿಮ್ಮ ಎಕ್ಸ್‌ಪೆಕ್ಟೇಶನ್ ಎಷ್ಟು?" ಅಂತ ಕೇಳಿದರೆ ಒಂದೇ ಅಂಕಿ ಹೇಳಿ ನಿಲ್ಲಿಸಬೇಡಿ. "ಬೇಸಿಕ್ ಇಷ್ಟು, ಟೋಟಲ್ ಇಷ್ಟು" ಅಂತ ಎರಡು ಅಂಕಿ ಹೇಳಿ. ಆಮೇಲೆ ಮೂರು ಪ್ರಶ್ನೆ ಕೇಳಿ.

ಒಂದು, ಡ್ಯೂಟಿ ಎಷ್ಟು ಗಂಟೆ, ಎಷ್ಟರಿಂದ ಎಷ್ಟರವರೆಗೆ? ಸೂಕ್‌ನ ಅಂಗಡಿಗಳಲ್ಲಿ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುವ ಬ್ರೇಕ್ ಡ್ಯೂಟಿ ಸಾಮಾನ್ಯ. ನಡುವಿನ ವಿರಾಮ ಕೆಲಸದ ಗಂಟೆಗೆ ಸೇರುವುದಿಲ್ಲ. ಬೆಳಿಗ್ಗೆ ಹೊರಟವನು ರೂಮು ಸೇರುವಾಗ ರಾತ್ರಿ ಹನ್ನೊಂದಾದರೂ ಲೆಕ್ಕದಲ್ಲಿ ಎಂಟೇ ಗಂಟೆ ಇರಬಹುದು.

ಎರಡು, ಓವರ್‌ಟೈಮ್ ಬರೆದಿಡುತ್ತಾರಾ? ಕೇಳಲು ಸಂಕೋಚ ಆದರೆ, ಕೆಲಸ ಸಿಕ್ಕಿದ ಮೇಲೆ ನಿಮ್ಮದೇ ಪುಸ್ತಕದಲ್ಲಿ ದಿನಾ ಬರೆದಿಡಿ.

ಮೂರು, ಕಾಂಟ್ರ್ಯಾಕ್ಟ್‌ನಲ್ಲೂ ಇದೇ ಬೇಸಿಕ್ ಇರುತ್ತದಾ? ಬಾಯಲ್ಲಿ 1,920, ಕಾಗದದಲ್ಲಿ 1,000 ಅಂತಾದರೆ, ನಾಳೆ ತಕರಾರು ಬಂದಾಗ ನಿಲ್ಲುವುದು ಕಾರ್ಮಿಕ ಸಚಿವಾಲಯದಲ್ಲಿ ದಾಖಲಾದ ಕಾಗದ. ಆ 1,000 ಕೂಡ ಕನಿಷ್ಠ ಮಿತಿ. 2021ರ ಮಾರ್ಚ್ 20ರಿಂದ ಕನಿಷ್ಠ ಬೇಸಿಕ್ 1,000 ರಿಯಾಲ್. ಕಂಪನಿ ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ಅದರ ಮೇಲೆ ಕೊಡಬೇಕು.

ಇಲ್ಲೇ ಕೆಲಸ ಬದಲಿಸುವವರಿಗೆ ಇನ್ನೊಂದು ಮಾತು. 2020ರ ತಿದ್ದುಪಡಿಯ ನಂತರ ಕಾನೂನಿನ ಪ್ರಕಾರ ಎನ್‌ಒಸಿ ಬೇಕಿಲ್ಲ, ಆದರೆ ನೋಟಿಸ್ ಬೇಕು. ಸೇವೆ ಎರಡು ವರ್ಷದೊಳಗಿದ್ದರೆ ಒಂದು ತಿಂಗಳು, ಮೀರಿದ್ದರೆ ಎರಡು ತಿಂಗಳು. ಪ್ರೊಬೇಷನ್‌ನಲ್ಲೇ ಬೇರೆ ಕಡೆ ಹೋಗುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಆಗ ಹಳೆಯ ಮಾಲೀಕರ ನೇಮಕಾತಿ ಖರ್ಚು ಮತ್ತು ಟಿಕೆಟ್‌ನ ಪಾಲು ತುಂಬಬೇಕಾದವರು ಹೊಸ ಮಾಲೀಕರು, ನೀವಲ್ಲ. ಅದಕ್ಕೂ ಎರಡು ತಿಂಗಳ ಬೇಸಿಕ್‌ನ ಮಿತಿ ಇದೆ. ಸಚಿವಾಲಯದ ಕೆಲಸ ಮುಗಿಯುವ ಮೊದಲು "ಟ್ರಯಲ್‌ಗೆ ಬಾ" ಅಂತ ಕರೆದರೆ ಹೋಗಬೇಡಿ. ವಿಸಿಟ್ ವೀಸಾದಲ್ಲಿ ಬಂದ ತಮ್ಮಂದಿರಿಗೂ ಇದೇ ಮಾತು: ಇಂಟರ್‌ವ್ಯೂ ಕೊಡಿ, ಆದರೆ ಆ ವೀಸಾದಲ್ಲಿ ಡ್ಯೂಟಿಗೆ ನಿಲ್ಲಬೇಡಿ.

ಈಗ ಕೆಲಸ ಕೊಡುವ ಕಡೆಯವರಿಗೆ. ನಮ್ಮಲ್ಲಿ ಮ್ಯಾನೇಜರ್, ಸೂಪರ್‌ವೈಸರ್, ಎಚ್‌ಆರ್ ಆಗಿರುವವರು ಎಷ್ಟೋ ಜನ ಇದ್ದೀರಿ. "ಅರ್ಜೆಂಟ್ ಜನ ಬೇಕು, ಒಳ್ಳೆ ಸಂಬಳ" ಅಂತ ವಾಟ್ಸ್‌ಆಪ್‌ಗೆ ಹಾಕುತ್ತೀರಿ. ದಯವಿಟ್ಟು ಅದರಲ್ಲಿ ನಾಲ್ಕು ವಿಷಯ ಬರೆಯಿರಿ: ಬೇಸಿಕ್, ಭತ್ಯೆ, ಡ್ಯೂಟಿ ಗಂಟೆ, ರಜೆ. ಇದು ಉಪಕಾರಕ್ಕೆ ಮಾಡುವ ಕೆಲಸ ಅಲ್ಲ, ನಿಮ್ಮ ಕಂಪನಿಗೇ ಲಾಭ. ಬೇಸಿಕ್ ಮುಚ್ಚಿಟ್ಟು ತಂದ ಹುಡುಗ ಮೊದಲ ಸ್ಲಿಪ್ ನೋಡಿದ ದಿನವೇ ಬೇರೆ ಕೆಲಸ ಹುಡುಕಲು ಶುರು ಮಾಡ್ತಾನೆ. ಈಗ ಅವನನ್ನು ಹಿಡಿದಿಡಲು ಎನ್‌ಒಸಿಯೂ ಇಲ್ಲ. ಮತ್ತೆ ವೀಸಾ, ಮತ್ತೆ ಟಿಕೆಟ್, ಮತ್ತೆ ಕೆಲಸ ಕಲಿಸುವ ಮೂರು ತಿಂಗಳು.

ಊರಿನಿಂದ ಹುಡುಗರನ್ನು ಕರೆಸುವಾಗ ಇನ್ನೂ ಜಾಗ್ರತೆ ಬೇಕು. ಭಾರತದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಾಯಿತನೋ ಅಲ್ಲವೋ ಅನ್ನುವುದನ್ನು ಇ-ಮೈಗ್ರೇಟ್‌ನಲ್ಲಿ ನೋಡಬಹುದು. ಲಕ್ಷಗಟ್ಟಲೆ ಕೇಳುವವನು ಏಜೆಂಟ್ ಅಲ್ಲ, ದಲ್ಲಾಳಿ. ಬಂಗಾರ ಅಡವಿಟ್ಟು ಬಂದ ಹುಡುಗ ಮೊದಲ ವರ್ಷ ಬಡ್ಡಿಗೇ ದುಡಿಯುತ್ತಾನೆ.

ಬೆಂಗಳೂರಿನಲ್ಲಿ ಕತಾರ್ ವೀಸಾ ಸೆಂಟರ್ ಇಲ್ಲದ್ದರಿಂದ ನಮ್ಮವರು ಕೊಚ್ಚಿ, ಚೆನ್ನೈ, ಹೈದರಾಬಾದ್ ಅಥವಾ ಮುಂಬೈಗೆ ಹೋಗಬೇಕು. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವುದೂ ಅಲ್ಲಿಯೇ. ನಿಮ್ಮ ತಮ್ಮನೋ ಭಾವನೋ ಹೊರಟಿದ್ದರೆ ಇವತ್ತೇ ಫೋನ್ ಮಾಡಿ ಹೇಳಿ: "ಬೇಸಿಕ್ ಅಂತ ಬರೆದಿರುವ ಅಂಕಿ ನೋಡು. ಏಜೆಂಟ್ ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಸಹಿ ಹಾಕಬೇಡ, ಮನೆಗೆ ವಾಪಸ್ ಬಾ." ಕೊಚ್ಚಿಯಿಂದ ವಾಪಸ್ ಬರಲು ಒಂದು ರೈಲು ಟಿಕೆಟ್ ಸಾಕು. ಸಾಲ ಹೊತ್ತು ದೋಹಾಕ್ಕೆ ಬಂದ ಮೇಲೆ ವಾಪಸ್ ಹೋಗುವುದು ಅಷ್ಟು ಸುಲಭ ಅಲ್ಲ.

ಮೇಲಿನ ಲೆಕ್ಕ ಕಂಪನಿ, ಅಂಗಡಿ, ಹೋಟೆಲ್‌ಗಳಲ್ಲಿ ಇರುವವರಿಗೆ. ಮನೆಕೆಲಸದವರಿಗೆ, ಮನೆ ಡ್ರೈವರ್‌ಗಳಿಗೆ 2017ರ ಬೇರೆ ಕಾನೂನು ಇದೆ. ತಕರಾರು ಇದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ದಾರಿ ತಿಳಿಯದಿದ್ದರೆ ನಮ್ಮ ರಾಯಭಾರ ಕಚೇರಿಯ ಅಡಿಯಲ್ಲಿರುವ ಐಸಿಬಿಎಫ್‌ನವರನ್ನು ಕೇಳಿ.

ಈ ಶುಕ್ರವಾರ ಒಂದು ಕೆಲಸ ಮಾಡಿ. ನಿಮ್ಮ ಕಾಂಟ್ರ್ಯಾಕ್ಟ್ ತೆಗೆದು ಬೇಸಿಕ್ ನೋಡಿ. ಅದನ್ನು 30ರಿಂದ ಭಾಗಿಸಿ, 21ರಿಂದ ಗುಣಿಸಿ, ನೀವು ದುಡಿದ ವರ್ಷಗಳಿಂದ ಗುಣಿಸಿ. ಬಂದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಕಾಪಿ ಜೊತೆ ಇಡಿ. ನಿಮಗೆ ಬರಬೇಕಾದ ಗ್ರಾಚ್ಯುಟಿ ಕನಿಷ್ಠ ಅಷ್ಟು. ಮುಂದಿನ ತಿಂಗಳು ಕೆಲಸ ಬಿಡುವಾಗ ಕೊಡುವ ಫೈನಲ್ ಸೆಟಲ್‌ಮೆಂಟ್ ಕಾಗದವನ್ನು ಸಾಲು ಸಾಲಾಗಿ ಓದೋಣ.