ಚಿತ್ರಕಥೆಯೂ ಚಾರಿತ್ರಿಕ ಕಾದಂಬರಿಯೂ

ಶಿವಮೊಗ್ಗೆಯ ರವೀಂದ್ರನಗರದ ಒಂದು ಮನೆಯಲ್ಲಿ ನಡೆದ ವಾಗ್ವಾದವು ಆ ಮನೆಯೊಂದರದೇ ಆಗಿ ಉಳಿಯತಕ್ಕದ್ದಲ್ಲ. ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಕಲ್ಕಿಯವರ 'ಪೊನ್ನಿಯಿನ್ ಸೆಲ್ವನ್' ಕಾದಂಬರಿಯನ್ನು ಇಂಗ್ಲಿಷಿನ ಚಿತ್ರಕಥೆಯ ರೂಪದಲ್ಲಿ ಓದುತ್ತ, ಊಟಕ್ಕೆ ಕರೆದರೂ ಏಳದೆ ಕುಳಿತಿದ್ದಳು. ತಾತನವರು ಪುಸ್ತಕವನ್ನು ಕಸಿದುಕೊಂಡು, "ಇದೂ ಒಂದು ಓದೇನಮ್ಮ? ಬೊಂಬೆ ನೋಡುವ ವಯಸ್ಸೇ ನಿನ್ನದು?" ಎಂದು ಗದರಿ, ಅದರ ಸ್ಥಾನದಲ್ಲಿ ತ. ರಾ. ಸುಬ್ಬರಾಯರ 'ದುರ್ಗಾಸ್ತಮಾನ'ವನ್ನು ಇಟ್ಟರು. ಆ ದಪ್ಪ ಗ್ರಂಥವು ಮೂರು ದಿನ ಮೇಜಿನ ಮೇಲಿದ್ದು ನಾಲ್ಕನೆಯ ದಿನ ಬೀರುವಿಗೆ ಹಿಂದಿರುಗಿತು. ತಾತನವರು ಗೆದ್ದರೆಂದು ಮನೆಯವರು ಭಾವಿಸಿದರು. ಹುಡುಗಿ ಚೋಳರನ್ನೂ ಬಿಟ್ಟಳು, ಚಿತ್ರದುರ್ಗವನ್ನೂ ಸೇರಲಿಲ್ಲ. ಇದು ಎಂತಹ ಗೆಲವೋ!

ತಾತನವರ ಪಕ್ಷವು ದುರ್ಬಲವಾದುದೆಂದು ಯಾರೂ ಹೇಳಲಾರರು. ಚಿತ್ರವನ್ನು ಕಂಡವನ ಕಲ್ಪನೆ ಸೋಮಾರಿಯಾಗುವುದು. ನಾಯಕನ ಮುಖವನ್ನು ಚಿತ್ರಕಾರನೇ ಬರೆದುಕೊಟ್ಟಮೇಲೆ ಓದುಗನಿಗೆ ಮಾಡಲು ಕೆಲಸವೇನೂ ಉಳಿಯದು. ಐದು ಸಂಪುಟಗಳ ಕಥೆ ಗೆರೆಗಳ ಚೌಕಟ್ಟಿನೊಳಗೆ ಸಿಕ್ಕಿ ಉಸಿರು ಕಟ್ಟುವುದು ಎಂಬುದು ಆ ಪಕ್ಷದ ಸಾರ. ಆದರೆ ಇದೇ ಮಾತನ್ನು ಹಿಂದೊಮ್ಮೆ ಕಾದಂಬರಿಯ ಮೇಲೆಯೇ ಆಡಿದವರಿದ್ದರು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ 'ದುರ್ಗೇಶನಂದಿನಿ'ಯನ್ನು 1885ರಲ್ಲಿ ಕನ್ನಡಕ್ಕೆ ತಂದಾಗ, ಇಂತಹ ಪುಸ್ತಕ ಹಿಡಿದರೆ ಮಕ್ಕಳು ಕೆಡುವರೆಂದು ಗೊಣಗಿದ ಹಿರಿಯರು ಇರಲಿಲ್ಲವೆ? ಬಾಣಭಟ್ಟನ ನಾಯಿಕೆಯ ಹೆಸರನ್ನು ಈ ಹೊಸ ಜಾತಿಯ ಬರಹಕ್ಕೆಲ್ಲ ಇಟ್ಟುದನ್ನು ಸಹಿಸದ ಪಂಡಿತರೂ ಇದ್ದಿರಬೇಕು. ಆ ಪಂಡಿತರ ಮರಿಮಕ್ಕಳೇ ಇಂದು ಕಾದಂಬರಿಯನ್ನು ಪೂಜಾಸ್ಥಾನದಲ್ಲಿಟ್ಟು ಚಿತ್ರಕಥೆಯನ್ನು ಬಾಗಿಲಾಚೆ ನಿಲ್ಲಿಸುತ್ತಿರುವರು.

ಚಿತ್ರ ನೋಡುವುದು ಹಗುರವಾದ ಕೆಲಸವೆಂಬುವರು ಭವಭೂತಿಯ 'ಉತ್ತರರಾಮಚರಿತ'ದ ಮೊದಲನೆಯ ಅಂಕವನ್ನು ಒಮ್ಮೆ ತೆರೆಯಬೇಕು. ಅಲ್ಲಿ ಲಕ್ಷ್ಮಣನು ತೋರಿಸುವುದು ತಮ್ಮದೇ ಕಥೆಯ ಚಿತ್ರಗಳನ್ನು. ಕಥೆ ಸೀತೆಗೆ ತಿಳಿಯದುದೇ? ಸ್ವತಃ ಬಾಳಿದವಳು ಆಕೆ. ಆದರೂ ಶೂರ್ಪಣಖಿಯ ಚಿತ್ರವನ್ನು ಕಂಡು ನಡುಗುವಳು. ಇದು ಬರಿಯ ಚಿತ್ರವೆಂದು ರಾಮನು ಸಮಾಧಾನ ಹೇಳಬೇಕಾಗುವುದು. ಇನ್ನೂ ಮುಖ್ಯವಾದುದು ಮುಂದಿದೆ. ಆ ಚಿತ್ರಗಳನ್ನು ನೋಡಿದುದರಿಂದಲೇ ಆಕೆಗೆ ಮತ್ತೆ ಕಾಡಿಗೆ ಹೋಗಬೇಕು, ಭಾಗೀರಥಿಯಲ್ಲಿ ಮೀಯಬೇಕು ಎಂಬ ಬಯಕೆ ಹುಟ್ಟುವುದು. ಚಿತ್ರವು ವನವನ್ನು ಮರೆಸಲಿಲ್ಲ, ವನಕ್ಕೆ ಕರೆಯಿತು. (ಆ ಬಯಕೆಯೇ ಮುಂದೆ ಪರಿತ್ಯಾಗಕ್ಕೆ ನೆಪವಾಯಿತೆಂದು ತಾತನವರು ತಕರಾರು ತೆಗೆದರೆ, ಆ ದೋಷ ಚಿತ್ರಕಾರನದಲ್ಲ.) 'ಮುದ್ರಾರಾಕ್ಷಸ'ದಲ್ಲಿಯೂ ಚಾಣಕ್ಯನ ಗೂಢಚಾರನು ಮನೆಮನೆಯನ್ನು ಹೊಕ್ಕುದು ಯಮಪಟವೆಂಬ ಚಿತ್ರವನ್ನು ಬಿಚ್ಚಿ ಹಾಡುತ್ತ.

ಇಷ್ಟು ದೂರ ಹೋಗುವುದೂ ಬೇಡ. ಭದ್ರಾವತಿಯಿಂದ ತರೀಕೆರೆಗೆ ಹೋಗಿ ಅಲ್ಲಿಂದ ಅಮೃತಾಪುರಕ್ಕೆ ಹೊರಳಿದರೆ, ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅದರ ಮಂಟಪದ ಕೈಪಿಡಿಗೋಡೆಯ ಹೊರಮೈಯಲ್ಲಿ ಕಥಾಫಲಕಗಳು ಒಟ್ಟು 140. ದಕ್ಷಿಣದ ಕಡೆ ರಾಮಾಯಣಕ್ಕೆ 70; ಉತ್ತರದ ಕಡೆ ಕೃಷ್ಣನ ಲೀಲೆಗೆ 25, ಭಾರತಕ್ಕೆ 45. ಚೌಕದ ಪಕ್ಕದಲ್ಲಿ ಚೌಕ, ಒಂದನ್ನು ನೋಡಿ ಮುಂದಿನದಕ್ಕೆ ಹೆಜ್ಜೆಯಿಡಬೇಕು. ಇದು ಚಿತ್ರಕಥೆಯಲ್ಲದೆ ಮತ್ತೇನು? ರಜಾದಿನದಲ್ಲಿ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಫಲಕಫಲಕಕ್ಕೂ ಬೆರಳಿಟ್ಟು ಕಥೆ ಹೇಳುವ ಹಿರಿಯರು, ಅದೇ ಉಪಾಯ ಕಾಗದದ ಮೇಲೆ ಬಂದಾಗ ಮೂಗು ಮುರಿಯುವುದೇಕೆ?

ಚಿತ್ರಕ್ಕೆ ಎಟುಕದ ವಿಷಯಗಳುಂಟೆಂಬುದನ್ನು ಒಪ್ಪಲೇಬೇಕು. ಸುಬ್ಬರಾಯರ 'ಹಂಸಗೀತೆ'ಯ ಭೈರವಿ ವೆಂಕಟಸುಬ್ಬಯ್ಯನು ಅರಸನ ಅಪ್ಪಣೆಗೆ ಹಾಡಲೊಲ್ಲದೆ ನಾಲಗೆಯನ್ನೇ ಕತ್ತರಿಸಿಕೊಳ್ಳುವನು. ಕತ್ತಿಯನ್ನು ಬರೆಯಬಹುದು, ರಕ್ತವನ್ನು ಬರೆಯಬಹುದು. ಕಳೆದುಹೋದ ಭೈರವಿಯನ್ನು ಯಾವ ಕುಂಚ ಬರೆದೀತು? ಜಿ. ವಿ. ಅಯ್ಯರ್ ಅವರು 1975ರಲ್ಲಿ ಅದನ್ನು ಚಲನಚಿತ್ರ ಮಾಡಿದಾಗ ನಾದವಾದರೂ ಅವರ ಕೈಯಲ್ಲಿತ್ತು. ಚಿತ್ರಕಥೆಗೆ ಅದೂ ಇಲ್ಲ. ಆದರೆ ದುರ್ಗದ ಕಥೆಯೆಲ್ಲ ಭೈರವಿಯಲ್ಲ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಈ ಮೂರರಲ್ಲಿ ದಳವಾಯಿ ಮುದ್ದಣ್ಣನ ಒಳಸಂಚು, ರಾತ್ರಿಯ ಪಿಸುಮಾತು, ಏಳು ಸುತ್ತಿನ ಕೋಟೆ, ಬಂಡೆ, ಹೊಂಡ, ಬತೇರಿ, ಪಂಜಿನ ಬೆಳಕು ಇವೆಲ್ಲ ಕುಂಚಕ್ಕಾಗಿಯೇ ಕಾದು ಕುಳಿತಿವೆ. ಕಲ್ಕಿಯವರ ಕಾದಂಬರಿಯಂತೂ 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಬಂದುದೇ ಮಣಿಯಂ ಅವರ ಚಿತ್ರಗಳೊಡನೆ. ತಮಿಳರು ವಂದಿಯತ್ತೇವನನ್ನು ಮೊದಲಿನಿಂದಲೂ ಕಣ್ಣಿನಿಂದಲೇ ಬಲ್ಲರು; ಅದರಿಂದ ಅವರ ಓದು ಕುಗ್ಗಿತೆಂದು ಹೇಳುವ ಧೈರ್ಯ ಯಾರಿಗಿದೆ?

ನಿಜವಾದ ಅಪರಾಧ ಬೇರೆ ಕಡೆ ಇದೆ. ತಾತನವರ ಕೋಪ ಅಲ್ಲಿಗೆ ತಿರುಗಿದ್ದರೆ ಸಾರ್ಥಕವಾಗುತ್ತಿತ್ತು. 'ಅಮರ ಚಿತ್ರಕಥೆ' ಎಂಬ ಹೆಸರಿನ ಪುಸ್ತಕಗಳು ಮೊಟ್ಟಮೊದಲು ಬಂದುದು 1965ರಲ್ಲಿ, ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಅವು ಪಾಶ್ಚಾತ್ಯರ ಅಜ್ಜಿಕಥೆಗಳ ಅನುವಾದಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಮುಂಬಯಿಯಲ್ಲಿ ಕುಳಿತು ಪುರಾಣವನ್ನೂ ಚರಿತ್ರೆಯನ್ನೂ ಇಂಗ್ಲಿಷಿನಲ್ಲಿ ಬರೆಯಿಸಿದರು. ಬಂಕಿಮರ 'ಆನಂದಮಠ'ವೂ ಚಿತ್ರರೂಪ ತಾಳಿತು. ಕನ್ನಡಕ್ಕೆ ಬಂದುದು ಆ ಇಂಗ್ಲಿಷಿನ ನೆರಳು. ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವರು ಕೊನೆಯ ಪಂಕ್ತಿಗೆ ಹೋಗಿ ಕುಳಿತಂತಾಯಿತು! ಅನುವಾದದ ಚಿತ್ರಕಥೆಗಳಲ್ಲಿ ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಗಳನ್ನು ಓದಿದರೆ, ದಳವಾಯಿಗೂ ದಾಸಿಗೂ ಒಂದೇ ಕನ್ನಡ. ಬೈಗುಳಕ್ಕೆ ಕಾರವಿಲ್ಲ, ವಿನಯಕ್ಕೆ ಬಾಗಿಲ್ಲ. ಗುಳ್ಳೆ ಚಿಕ್ಕದಾದಷ್ಟೂ ಅದರೊಳಗಿನ ಮಾತು ಗಟ್ಟಿಯಾಗಿರಬೇಕು. ಸೂತ್ರಕಾರರು ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುತ್ತಿದ್ದುದು ಇದನ್ನು ಬಲ್ಲುದರಿಂದ. ಈ ಕೆಲಸವನ್ನು ಕೂಲಿಯ ಅನುವಾದಕನಿಗೆ ಒಪ್ಪಿಸಿ, ಮಕ್ಕಳು ಇಂಗ್ಲಿಷಿನಲ್ಲಿಯೇ ಓದುವರೆಂದು ದೂರುವುದು ನ್ಯಾಯವಲ್ಲ. ಬರೆಯಬಲ್ಲವರು ಜಿಲ್ಲೆಜಿಲ್ಲೆಯಲ್ಲಿಯೂ ಇರುವರು. ಬೊಂಬೆಯ ಪುಸ್ತಕಕ್ಕೆ ಬರೆಯುವುದೆಂದರೆ ಅವರಿಗೆ ಮಾನಹಾನಿ.

ರವೀಂದ್ರನಗರದ ಆ ಹುಡುಗಿ ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ. "ಮದಕರಿನಾಯಕನದೂ ಹೀಗೆ ಕನ್ನಡದಲ್ಲಿ ಇದ್ದರೆ ಕೊಡಿಸಿ ತಾತ, ಓದುತ್ತೇನೆ" ಎಂದಳು. ತಾತನವರು ಕನ್ನಡಕವನ್ನು ಒರೆಸಿಕೊಂಡು, ಊಟಕ್ಕೆ ಹೊತ್ತಾಯಿತೆಂದರು.